ಪುಟ್ಟ ವೆಬ್‌ಸೈಟಿಗೆ ಎಷ್ಟು ಮಡಿ ಬೇಕು?

ನಮ್ಮೂರಿನ ಹವ್ಯಾಸಿ ಯಕ್ಷಗಾನ ಸಂಘಕ್ಕೊಂದು ವೆಬ್‌ಸೈಟ್ ಬೇಕೆಂದು ವಾರ್ಷಿಕ ಸಭೆಯಲ್ಲಿ ತೀರ್ಮಾನವಾದಾಗ ಎಲ್ಲರೂ ತಿರುಗಿ ನೋಡಿದ್ದು ನನ್ನ ಅಕ್ಕನ ಮಗನನ್ನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಹಬ್ಬಕ್ಕೆಂದು ಬಂದಿದ್ದ, ಹುರುಪಿನಲ್ಲಿ ಒಪ್ಪಿಕೊಂಡ. ಬೇಕಾಗಿದ್ದಾದರೂ ಏನು? ಮುಂದಿನ ಆಟ ಎಲ್ಲಿ, ಯಾವ ಪ್ರಸಂಗ, ಆಟ ಆಡಿಸಬೇಕಾದರೆ ಯಾರಿಗೆ ಫೋನ್ ಮಾಡಬೇಕು, ಜೊತೆಗೆ ಒಂದಷ್ಟು ಹಳೆಯ ಫೋಟೋ. ಆರು ತಿಂಗಳಾದರೂ ಸೈಟು ಬರಲಿಲ್ಲ. ಕೇಳಿದಾಗಲೆಲ್ಲ ಒಂದೊಂದು ಸುದ್ದಿ. ಫ್ರೇಮ್‌ವರ್ಕ್ ಬದಲಿಸ್ತಿದೀನಿ ಮಾವ, ಟೆಸ್ಟ್ ಬರೀತಿದೀನಿ ಮಾವ, ಡಿಪ್ಲಾಯ್‌ಮೆಂಟ್ ಪೈಪ್‌ಲೈನ್ ಸರಿ ಮಾಡ್ತಿದೀನಿ ಮಾವ. ಪೈಪ್‌ಲೈನ್ ಎಂದರೆ ನಮ್ಮ ಖಜಾಂಚಿಗೆ ಗೊತ್ತಿದ್ದದ್ದು ಅಡಿಕೆ ತೋಟದ್ದು ಮಾತ್ರ.

ಕೊನೆಗೆ ಸಂಘದಲ್ಲಿ ಮದ್ದಲೆ ನುಡಿಸುವ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಒಂದು ವಾರ ಸಂಜೆ ಹೊತ್ತು ಕೂತು ಸೈಟು ಕಟ್ಟಿಯೇಬಿಟ್ಟರು. ನಾಲ್ಕು ಪುಟ. ನೋಟ್‌ಪ್ಯಾಡಿನಲ್ಲಿ ಬರೆದದ್ದು. ಇಡೀ ಪುಟವನ್ನು ಒಂದು ದೊಡ್ಡ ಟೇಬಲ್ಲಿನ ಮನೆಗಳೊಳಗೆ ಕೂರಿಸಿದ್ದರು. ಮೇಲಿನ ಮೆನುವನ್ನು ನಾಲ್ಕೂ ಪುಟಕ್ಕೆ ಕಾಪಿ ಹೊಡೆದಿದ್ದರು. ಅಳಿಯ ನೋಡಿ ಹಣೆ ಚಚ್ಚಿಕೊಂಡ.

“ಹೀಗೆ ಈಗ ಯಾರೂ ಬರೆಯಲ್ಲ ಮಾವ. ಇದು ಬೆಸ್ಟ್ ಪ್ರಾಕ್ಟೀಸೇ ಅಲ್ಲ.”

“ಆಟದ ತಾರೀಕು ಕಾಣುತ್ತಲ್ಲೋ?”

“ಕಾಣುತ್ತೆ.”

“ಮತ್ತೆ?”

ಅವನು ಸುಮ್ಮನಾದ. ಗೆದ್ದೆ ಅಂದುಕೊಂಡೆ. ಆದರೆ ಎರಡೇ ತಿಂಗಳಲ್ಲಿ ಮೇಷ್ಟ್ರ ಸೈಟಿನ ಬಗ್ಗೆ ದೂರುಗಳು ಶುರುವಾದವು. ಮೊಬೈಲಿನಲ್ಲಿ ಅಕ್ಷರ ಇರುವೆಯಷ್ಟು ಕಾಣುತ್ತದೆ. ಫೋಟೋ ಪುಟ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಪ್ರಸಂಗದ ಸಾರಾಂಶ ಅಂತ ಹಾಕಿದ್ದು ಯಾವ ಭಾಷೆಯೋ ಗೊತ್ತಾಗುತ್ತಿಲ್ಲ. ಇವುಗಳಲ್ಲಿ ಒಂದನ್ನೂ ಬಾರದ ಹಾಗೆ ತಡೆಯುವುದು ಅಳಿಯನಿಗೆ ಕಷ್ಟವಿರಲಿಲ್ಲ. ಹಾಗಾದರೆ ಅವನ ಮಡಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು? ಸ್ವಂತ ಅಂಗಡಿಗೋ ಸಂಘಕ್ಕೋ ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗಕ್ಕೋ ಸೈಟು ಮಾಡಲು ಹೊರಟವರಿಗೆ ಮೊದಲು ಎದುರಾಗುವುದು ಇದೇ ಪ್ರಶ್ನೆ. ಕೋಡ್ ಬರೆಯುವುದು ಆಮೇಲಿನ ಮಾತು.

ಬೆಸ್ಟ್ ಪ್ರಾಕ್ಟೀಸ್ ಎಂಬುದು ಕಂಪ್ಯೂಟರ್ ಲೋಕದ ಮಡಿ. ಮಡಿಗೆ ಇರುವಂತೆ ಅದಕ್ಕೂ ಹುಟ್ಟಿದ ಊರು, ಹುಟ್ಟಿದ ಕಾಲ, ಹುಟ್ಟಿದ ಕಾರಣ ಇದೆ. ರಿಯಾಕ್ಟ್ ಎಂಬ ಹೆಸರನ್ನು ಸಾಫ್ಟ್‌ವೇರಿನವರ ಬಾಯಲ್ಲಿ ಕೇಳಿರುತ್ತೀರಿ. ಅದು ಫೇಸ್‌ಬುಕ್ ಕಂಪನಿ ತನ್ನ ಪುಟಗಳಿಗಾಗಿ ಮಾಡಿಕೊಂಡು 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸಲಕರಣೆ. ಲೈಕು, ಕಾಮೆಂಟು, ನೋಟಿಫಿಕೇಶನ್ನು ಕ್ಷಣಕ್ಷಣಕ್ಕೂ ಬದಲಾಗುವ ಪುಟದ ಮೇಲೆ ಒಂದೇ ಹೊತ್ತಿಗೆ ಹತ್ತಾರು ಎಂಜಿನಿಯರುಗಳು ಕೈಯಾಡಿಸುವ ಜಾಗ ಫೇಸ್‌ಬುಕ್. ಗೂಗಲ್ 2014ರಲ್ಲಿ ಹೊರಬಿಟ್ಟ ಕುಬರ್ನೆಟಿಸ್ ಸರ್ವರ್‌ಗಳ ಹಿಂಡನ್ನೇ ಮೇಯಿಸುವ ಸಾಧನ. ಸಾವಿರ ಎಲೆಯ ಊಟಕ್ಕೆ ಕೊಪ್ಪರಿಗೆ ಬೇಕು, ಸೌಟಿಗೆ ಆಳು ಬೇಕು, ಉಗ್ರಾಣಕ್ಕೆ ಲೆಕ್ಕ ಬೇಕು. ಮನೆಯಲ್ಲಿ ಇಬ್ಬರಿಗೆ ಗಂಜಿ ಬೇಯಿಸುವವನು ಕೊಪ್ಪರಿಗೆ ತೊಳೆಯುವುದರಲ್ಲೇ ಸುಸ್ತಾಗುತ್ತಾನೆ. ನನ್ನ ಅಳಿಯನ ಆರು ತಿಂಗಳು ಹೋದದ್ದು ಹಾಗೆ.

ವೆಬ್ಬಿನ ಮಟ್ಟಿಗೆ ಮಡಿಯೇ ಸೋತ ಕಥೆಯೊಂದಿದೆ, ಹೇಳಲೇಬೇಕು. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ವೆಬ್ಬನ್ನು ಕಟ್ಟಿ 1991ರಲ್ಲಿ ಹೊರಜಗತ್ತಿಗೆ ತೋರಿಸಿದಾಗ ಪುಟ ಬರೆಯುವ ಎಚ್‌ಟಿಎಂಎಲ್ ತೀರಾ ಉದಾರಿ ಭಾಷೆಯಾಗಿತ್ತು. ಟ್ಯಾಗ್ ಮುಚ್ಚುವುದು ಮರೆತರೂ ಬ್ರೌಸರ್ ಊಹಿಸಿಕೊಂಡು ಪುಟ ತೋರಿಸುತ್ತಿತ್ತು. ಇದು ಸರಿಯಲ್ಲ, ಶಿಸ್ತು ಬೇಕು ಎಂದು 2000ದ ಜನವರಿಯಲ್ಲಿ ಎಕ್ಸ್‌ಎಚ್‌ಟಿಎಂಎಲ್ ಎಂಬ ಕಟ್ಟುನಿಟ್ಟಿನ ರೂಪ ಬಂತು. ನಿಯಮದ ಪ್ರಕಾರ ಬಡಿಸಿದರೆ ಒಂದು ಟ್ಯಾಗ್ ಮುಚ್ಚದಿದ್ದರೂ ಸಾಕು, ಓದುಗನಿಗೆ ಪುಟದ ಬದಲು ದೋಷದ ಸಂದೇಶ! ಒಂದು ಎಲೆಯಲ್ಲಿ ಉಪ್ಪಿನಕಾಯಿ ಬಿಟ್ಟುಹೋಯಿತೆಂದು ಪಂಕ್ತಿಯನ್ನೇ ಎಬ್ಬಿಸಿ ಕಳಿಸಿದ ಹಾಗೆ. 2004ರಲ್ಲಿ ಆಪಲ್, ಮೊಜಿಲ್ಲಾ, ಒಪೆರಾ ಕಡೆಯವರು ಸೇರಿ ಬೇರೆ ದಾರಿ ಹಿಡಿದರು. ಜನ ತಪ್ಪು ಮಾಡಿಯೇ ಮಾಡುತ್ತಾರೆ, ಆ ತಪ್ಪನ್ನು ಎಲ್ಲ ಬ್ರೌಸರುಗಳೂ ಒಂದೇ ರೀತಿ ಸುಧಾರಿಸಿಕೊಂಡು ಹೋಗಲಿ ಎಂಬುದು ಅವರ ವಾದ. ಎಕ್ಸ್‌ಎಚ್‌ಟಿಎಂಎಲ್‌ನ ಎರಡನೇ ಆವೃತ್ತಿಯ ಕೆಲಸವನ್ನು 2009ರಲ್ಲಿ ಕೈಬಿಡಲಾಯಿತು. ಇವತ್ತಿನ ಎಚ್‌ಟಿಎಂಎಲ್ ಮಾನಕದಲ್ಲಿ ಪ್ಯಾರಾದ ಟ್ಯಾಗನ್ನು, ಪಟ್ಟಿಯೊಳಗಿನ ಅಂಶದ ಟ್ಯಾಗನ್ನು ಮುಚ್ಚದೆ ಬಿಡಲು ಅಧಿಕೃತ ಅನುಮತಿಯೇ ಇದೆ. 1996ರಲ್ಲಿ ‘ಸ್ಪೇಸ್ ಜ್ಯಾಮ್’ ಎಂಬ ಹಾಲಿವುಡ್ ಚಿತ್ರಕ್ಕೆ ಮಾಡಿದ ಸೈಟು, ಟೇಬಲ್ಲು, ಚುಕ್ಕಿ ಆಕಾಶದ ಹಿನ್ನೆಲೆ ಸಮೇತ, ಇಂದಿನ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತದೆ. ಮೇಷ್ಟ್ರಿಗೆ ತೋರಿಸಿದೆ. “ನಂದಕ್ಕಿಂತ ಬಣ್ಣ ಜಾಸ್ತಿ” ಅಂದರು.

ಚೌಕಿ ಮತ್ತು ರಂಗಸ್ಥಳ

ಹಾಗಂತ ಹೇಗೆ ಬೇಕಾದರೂ ಮಾಡಿ ಎನ್ನಲಾರೆ. ನನಗೆ ಉಪಯೋಗಕ್ಕೆ ಬಂದ ಅಳತೆಗೋಲು ಯಕ್ಷಗಾನದ್ದೇ. ಬಯಲಾಟದಲ್ಲಿ ಬಣ್ಣ ಹಚ್ಚುವ ಚೌಕಿಯ ಒಳಗೆ ಹೋಗಿ ನೋಡಿ: ಪೆಟ್ಟಿಗೆ ಅಲ್ಲೊಂದು, ಕಿರೀಟ ಇಲ್ಲೊಂದು, ಹಗ್ಗದ ಮೇಲೆ ಬಟ್ಟೆ. ಪ್ರೇಕ್ಷಕನಿಗೆ ಅದರಿಂದ ನಷ್ಟವಿಲ್ಲ. ಆದರೆ ರಂಗಸ್ಥಳದಲ್ಲಿ ದೀಪ ಮಂಕಾದರೆ, ಭಾಗವತರ ಮೈಕು ಕೈಕೊಟ್ಟರೆ ಪೆಟ್ಟು ಬೀಳುವುದು ಪ್ರೇಕ್ಷಕನಿಗೆ. ಸೈಟಿನ ವಿಷಯದಲ್ಲೂ ಪ್ರತಿ ನಿಯಮಕ್ಕೂ ಒಂದೇ ಪ್ರಶ್ನೆ ಕೇಳಿ. ಇದನ್ನು ಬಿಟ್ಟರೆ ತೊಂದರೆ ಯಾರಿಗೆ? ಕೋಡ್ ಬರೆದ ನನಗೆ ಮಾತ್ರ ಎಂದಾದರೆ ಅದು ಚೌಕಿಯ ವಿಚಾರ, ಬಿಟ್ಟುಬಿಡಿ. ಓದಲು ಬಂದವನಿಗೆ ಎಂದಾದರೆ ಬಿಡುವ ಹಕ್ಕು ನಿಮಗಿಲ್ಲ. ಚೌಕಿಯೊಳಗೇ ಇದ್ದರೂ ಆಟವನ್ನೇ ಸುಡುವಂಥದ್ದು ಇನ್ನೊಂದಿದೆ, ಬೆಂಕಿ. ಅದರ ಮಾತು ಆಮೇಲೆ.

ಈ ಲೆಕ್ಕದಲ್ಲಿ ಬಿಡಬಹುದಾದ್ದು ಬಹಳ. ಮೆನುವನ್ನು ನಾಲ್ಕು ಪುಟಕ್ಕೆ ಕಾಪಿ ಮಾಡಿದ್ದೀರಾ, ಇರಲಿ. ಬದಲಿಸುವಾಗ ನಾಲ್ಕು ಕಡೆ ಬದಲಿಸುತ್ತೀರಿ. ಹತ್ತು ಪುಟವಾಗುವವರೆಗೆ ಅದೇ ಸಲೀಸು, ಐವತ್ತಾದಾಗ ಬೇರೆ ಉಪಾಯ ಹುಡುಕಿ. ಪುಟದ ಅಂದಚಂದ ಹೇಳುವ ಸಿಎಸ್‌ಎಸ್ ಬೇರೆ ಫೈಲಿನಲ್ಲಿ ಇರಬೇಕು ಎಂಬುದು ಒಳ್ಳೆಯ ಅಭ್ಯಾಸ, ಇಲ್ಲದಿದ್ದರೆ ಆಕಾಶ ಬೀಳುವುದಿಲ್ಲ. ಹಳೆಯ ಆವೃತ್ತಿಗಳ ಲೆಕ್ಕ ಇಡುವ ಗಿಟ್ ಗೊತ್ತಿಲ್ಲವಾ, ತಾರೀಕು ಹಾಕಿದ ಫೋಲ್ಡರ್ ಮಾಡಿ ಪೆನ್‌ಡ್ರೈವಿಗೆ ಹಾಕಿ, ಅದೂ ಬ್ಯಾಕಪ್ಪೇ. ಕೋಡಿನ ತಪ್ಪು ಹುಡುಕುವ ವ್ಯಾಲಿಡೇಟರಿಗೆ ಕೊಟ್ಟಾಗ ಬರುವ ಇಪ್ಪತ್ತು ಎಚ್ಚರಿಕೆಗಳಲ್ಲಿ ಓದುಗನಿಗೆ ತಟ್ಟುವುದು ಒಂದೋ ಎರಡೋ. ವೇಗದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬರಲಿಲ್ಲವೆಂದು ನಿದ್ದೆಗೆಡುವವರನ್ನು ಕಂಡಿದ್ದೇನೆ, ಎಸ್ಸೆಸ್ಸೆಲ್ಸಿ ಮಕ್ಕಳ ಅಪ್ಪಂದಿರ ಹಾಗೆ. ಅಂದಕ್ಕೂ ಇದೇ ಮಾತು. ವಾರೆನ್ ಬಫೆಟ್ ಬೆಳೆಸಿದ ಬರ್ಕ್‌ಶೈರ್ ಹ್ಯಾಥವೇ 2024ರಲ್ಲಿ ಲಕ್ಷ ಕೋಟಿ ಡಾಲರ್ ಬೆಲೆ ಮುಟ್ಟಿದ ಕಂಪನಿ. ಅದರ ಸೈಟಿನ ಮುಖಪುಟವೆಂದರೆ ಬಿಳಿ ಹಾಳೆಯ ಮೇಲೆ ಒಂದಷ್ಟು ಕೊಂಡಿಗಳ ಪಟ್ಟಿ, ಅಷ್ಟೆ. ಬೇಕಾದ ವರದಿ ಎರಡು ಕ್ಲಿಕ್ಕಿಗೆ ಸಿಗುತ್ತದೆ.

ಟೇಬಲ್ ವಿಷಯದಲ್ಲಿ ಮಾತ್ರ ನಾನು ಅಳಿಯನಿಗೆ ಅರ್ಧ ಸೋಲಬೇಕಾಯಿತು. ಟೇಬಲ್ಲಿನಲ್ಲಿ ಪುಟ ಕಟ್ಟುವುದು ಅಶುದ್ಧ ಎಂಬ ಅವನ ಕಾರಣ ನನಗೆ ಈಗಲೂ ಒಪ್ಪಿಗೆಯಿಲ್ಲ. ಆದರೆ ಮೇಷ್ಟ್ರು ಟೇಬಲ್ಲಿನ ಅಗಲವನ್ನು 900 ಪಿಕ್ಸೆಲ್ ಎಂದು ಕಟ್ಟಿಹಾಕಿದ್ದರು. ಊರಲ್ಲಿ ಆಟ ನೋಡುವವರ ಕೈಯಲ್ಲಿರುವುದು ಮೊಬೈಲು, ಕಂಪ್ಯೂಟರಲ್ಲ. ಪುಟ ಅದರಲ್ಲಿ ಹಿಡಿಸದೆ ಕುಗ್ಗಿತು. ಅಲ್ಲಿ ತಪ್ಪಿದ್ದು ರಂಗಸ್ಥಳದ ನಿಯಮ.

ಪರಿಹಾರ ಎರಡೇ ಸಾಲು. ಮೊದಲನೆಯದು ವ್ಯೂಪೋರ್ಟ್ ಎಂಬ ಮೆಟಾ ಟ್ಯಾಗ್, ಪುಟದ ತಲೆಭಾಗದಲ್ಲಿ ಇಡಬೇಕಾದ್ದು. ಅದು ಇಲ್ಲದಿದ್ದರೆ ಫೋನಿನ ಬ್ರೌಸರ್ ತಾನು ಕಂಪ್ಯೂಟರಿನಷ್ಟು, ಸುಮಾರು 980 ಪಿಕ್ಸೆಲ್, ಅಗಲವಿದ್ದೇನೆಂದು ಭಾವಿಸಿಕೊಂಡು ಪುಟವನ್ನು ಬಿಡಿಸಿ, ಆಮೇಲೆ ಅಂಗೈಗೆ ಕುಗ್ಗಿಸುತ್ತದೆ. ಎರಡನೆಯದು ಟೇಬಲ್ಲಿನ ಅಗಲವನ್ನು ಪಿಕ್ಸೆಲ್ಲಿನಲ್ಲಿ ಹೇಳದೆ ನೂರು ಪರ್ಸೆಂಟ್ ಎಂದು ಹೇಳುವುದು. ಚಿತ್ರಗಳಿಗೂ ‘ಗರಿಷ್ಠ ಅಗಲ ನೂರು ಪರ್ಸೆಂಟ್’ ಎಂದು ಒಂದು ಮಾತು ಸೇರಿಸಿ. 2010ರಲ್ಲಿ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಹೆಸರಿಟ್ಟು ಬರೆದದ್ದರಲ್ಲಿ ಇನ್ನೂ ಎಷ್ಟೋ ಇದೆ. ನಾಲ್ಕು ಪುಟದ ಸೈಟಿಗೆ ಇಷ್ಟು ಸಾಕು. ಮುಗಿಸಿದ ಮೇಲೆ ನಿಮ್ಮ ಹೊಸ ಫೋನಿನಲ್ಲಿ ನೋಡಬೇಡಿ. ಮನೆಯಲ್ಲಿರುವ ಅತಿ ಹಳೆಯ ಫೋನು, ನೆಟ್‌ವರ್ಕ್ ಅತಿ ಕಡಿಮೆ ಸಿಗುವ ಕೋಣೆ, ಅಲ್ಲಿ ತೆರೆದು ನೋಡಿ.

ಕನ್ನಡ ಕಾಣದಿದ್ದರೆ

ಇಂಗ್ಲಿಷಿನ ಮಾರ್ಗದರ್ಶಿಗಳನ್ನು ನೋಡಿ ಸೈಟು ಮಾಡಿದವರು ಎಡವುವುದು ಇಲ್ಲೇ. ಅಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುವ ವಿಷಯ ನಮಗೆ ಇಡೀ ಸೈಟಿನ ಜೀವ. ಅಕ್ಷರ ಕೆಟ್ಟು ಕಂಡರೆ ಗಾಬರಿಯಾಗಬೇಡಿ, ಹೇಗೆ ಕೆಟ್ಟಿದೆ ಎಂಬುದೇ ರೋಗ ಯಾವುದೆಂದು ಹೇಳುತ್ತದೆ.

ಕನ್ನಡ ಇರಬೇಕಾದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಫೈಲನ್ನು ಸೇವ್ ಮಾಡುವಾಗಲೇ ಅಕ್ಷರ ಹೋಗಿದೆ. ಹಳೆಯ ನೋಟ್‌ಪ್ಯಾಡ್ ‘ಆನ್ಸಿ’ ಎಂಬ ರೂಪದಲ್ಲಿ ಉಳಿಸುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಹೋದದ್ದು ಹೋಯಿತು, ಮತ್ತೆ ಟೈಪ್ ಮಾಡಬೇಕು. 2019ರ ವಿಂಡೋಸ್ 10 ಪರಿಷ್ಕರಣೆಯಿಂದೀಚೆಗೆ ನೋಟ್‌ಪ್ಯಾಡ್ ತಾನಾಗಿ, ಕನ್ನಡವನ್ನೂ ಹಿಡಿಸುವ ಯುಟಿಎಫ್-8 ರೂಪದಲ್ಲಿ ಉಳಿಸುತ್ತದೆ. ಅದಕ್ಕೂ ಹಿಂದಿನ ಕಂಪ್ಯೂಟರಾದರೆ ಸೇವ್ ಮಾಡುವ ಕಿಟಕಿಯಲ್ಲಿ ಎನ್‌ಕೋಡಿಂಗ್ ಬದಲಿಸಿಕೊಳ್ಳಿ.

ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ಎ, ಅದರ ಪಕ್ಕ ಗಣಿತದ ವರ್ಗಚಿಹ್ನೆಯಂಥ ಪುಟ್ಟ 2 ಅಥವಾ 3, ಇದು ಮತ್ತೆ ಮತ್ತೆ ಬರುತ್ತಿದ್ದರೆ ಸಂತೋಷಪಡಿ. ಕನ್ನಡ ಸುರಕ್ಷಿತವಾಗಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ‘ಕ್ಷ’ ಎಂದರೆ ಕ, ವಿರಾಮ, ಷ ಸೇರಿ ಒಂಬತ್ತು. ಆ ಮೂರು ಮೂರನ್ನು ಕೂಡಿಸಿ ಓದಬೇಕು ಎಂದು ಬ್ರೌಸರಿಗೆ ಯಾರೂ ಹೇಳಿಲ್ಲ, ಅದು ಬಿಡಿಬಿಡಿಯಾಗಿ ಓದಿದೆ. ಪುಟದ ತಲೆಭಾಗದಲ್ಲಿ ಎಲ್ಲಕ್ಕಿಂತ ಮೊದಲು ಚಾರ್‌ಸೆಟ್ ಯುಟಿಎಫ್-8 ಎಂಬ ಮೆಟಾ ಸಾಲು ಹಾಕಿ, ಸರಿಹೋಗುತ್ತದೆ.

ಚೌಕಾಕಾರದ ಖಾಲಿ ಡಬ್ಬಿಗಳು ಕಂಡರೆ ನೋಡುವವರ ಸಾಧನದಲ್ಲಿ ಕನ್ನಡ ಫಾಂಟಿಲ್ಲ ಎಂದರ್ಥ. ಈಗ ಅದು ಅಪರೂಪ.

ಮೇಷ್ಟ್ರ ಪ್ರಸಂಗ ಸಾರಾಂಶದ ರೋಗ ಬೇರೆ. ಅಲ್ಲಿ ‘ಕನ್ನಡ’ ಎಂಬ ಪದದ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಕೂತಿತ್ತು. ನುಡಿ, ಬರಹ ಎಂಬ ತಂತ್ರಾಂಶಗಳಲ್ಲಿ ಹಳೆಯ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದ್ದನ್ನು ನೇರ ಅಂಟಿಸಿದ್ದರ ಫಲ. ಆ ಫಾಂಟುಗಳು ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ಅಂಗಿ ತೊಡಿಸುತ್ತವೆ. ಫಾಂಟು ತೆಗೆದರೆ ಒಳಗಿನ ಪೌಂಡು ಹೊರಬರುತ್ತದೆ. ಡಿಟಿಪಿ ಅಂಗಡಿಯಿಂದ, ಸ್ಮರಣ ಸಂಚಿಕೆಯಿಂದ, ಹಳೆಯ ಆಮಂತ್ರಣದಿಂದ ಪಠ್ಯ ತರುವವರಿಗೆಲ್ಲ ಇದು ಕಾದಿರುತ್ತದೆ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ, ಪುಕ್ಕಟೆಯಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಮ್ಮೆ ಕೂತು ಓದಿ. ಅರ್ಕಾವತ್ತು, ದೀರ್ಘ, ಒತ್ತಕ್ಷರಗಳು ಆಚೀಚೆ ಆಗಿರುವುದುಂಟು.

ಇಷ್ಟೆಲ್ಲ ಯಾಕೆ, ಪೋಸ್ಟರಿನ ಫೋಟೋ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ವಾಟ್ಸಾಪಿಗೆ ಅದು ಸರಿ. ಸೈಟಿನಲ್ಲಿ ಬೇಡ. ಚಿತ್ರದೊಳಗಿನ ತಾರೀಕು ಹುಡುಕಾಟಕ್ಕೆ ಸುಲಭದಲ್ಲಿ ಸಿಗದು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದದು, ದುಬೈಯಲ್ಲಿರುವ ಊರಿನ ಹುಡುಗ ಅದನ್ನು ಕಾಪಿ ಮಾಡಿ ಗೆಳೆಯನಿಗೆ ಕಳಿಸಲಾರ. ಪೋಸ್ಟರ್ ಹಾಕಿ, ಅದರ ಕೆಳಗೆ ಅಕ್ಷರದಲ್ಲೂ ಬರೆಯಿರಿ. ಚಿತ್ರಕ್ಕೆ ‘ಆಲ್ಟ್’ ಎಂಬ ವಿವರಣೆ ಕೊಡುವುದು ಮಡಿವಂತರ ಪಟ್ಟಿಯಲ್ಲಿ ಬರುತ್ತದೆ, ನನ್ನ ಪಟ್ಟಿಯಲ್ಲೂ ಬರುತ್ತದೆ. ಪುಟದ ಭಾಷೆ ಕನ್ನಡ ಎಂದು ಸಾರುವ ಒಂದು ಪದವನ್ನೂ ಮೊದಲ ಟ್ಯಾಗಿನಲ್ಲಿ ಸೇರಿಸಿ; ಓದಿ ಹೇಳುವ ತಂತ್ರಾಂಶ ಸರಿಯಾದ ದನಿ ಆರಿಸಿಕೊಳ್ಳುವುದಕ್ಕೆ ಅದು ನೆರವು.

ಇನ್ನೊಂದು ಸಣ್ಣ ವಿಷಯ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನ ಅಳತೆಗೆ ಬಿಟ್ಟರೆ ನಮ್ಮ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. 1.6ರಿಂದ 1.8ರಷ್ಟು ಇಡಿ. ಇಟಾಲಿಕ್ ಬೇಡವೇ ಬೇಡ. ಕನ್ನಡಕ್ಕೆ ಆ ಸಂಪ್ರದಾಯವಿಲ್ಲ, ಬ್ರೌಸರ್ ಅಕ್ಷರಗಳನ್ನು ಸುಮ್ಮನೆ ವಾಲಿಸುತ್ತದೆ, ಗಾಳಿಗೆ ಮಲಗಿದ ಭತ್ತದ ಪೈರಿನಂತೆ. ಫಾಂಟು ಯಾವುದು ಎಂದು ತಲೆ ಕೆಡಿಸಿಕೊಳ್ಳದೆ ಸಾಧನದಲ್ಲಿರುವ ಫಾಂಟನ್ನೇ ಬಿಟ್ಟರೂ ನಡೆಯುತ್ತದೆ. ಆಸೆಯಿದ್ದರೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತೀರೊ ಕನ್ನಡದಂಥವು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಒಂದನ್ನು ಆರಿಸಿ. ಮೂರು ಬೇಡ.

ಫೋಟೋಗಳ ಬಗ್ಗೆ ಸಂಕ್ಷೇಪದಲ್ಲಿ ಹೇಳುತ್ತೇನೆ. ಈ ಲೇಖನದಷ್ಟು ಉದ್ದದ ಕನ್ನಡ ಪಠ್ಯ ನೂರು ಕೆಬಿಯನ್ನೂ ಮುಟ್ಟುವುದಿಲ್ಲ. ಫೋನಿನಲ್ಲಿ ತೆಗೆದ ಒಂದೇ ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಮೇಷ್ಟ್ರು ಅಂಥ ನಲವತ್ತನ್ನು ಒಂದೇ ಪುಟದಲ್ಲಿ ಇಟ್ಟಿದ್ದರು. ಅಗಲವನ್ನು 1200 ಪಿಕ್ಸೆಲ್ಲಿಗೆ ಇಳಿಸಿ ಉಳಿಸಿದರೆ ಒಂದೊಂದೂ ಇನ್ನೂರು ಕೆಬಿ ಆಸುಪಾಸಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ವೇಗದ ಬಗ್ಗೆ ತಜ್ಞರು ಕೊಡುವ ನೂರು ಸಲಹೆಗಳಲ್ಲಿ ಹವ್ಯಾಸಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಇದೊಂದೇ ಎಂದರೆ ಉತ್ಪ್ರೇಕ್ಷೆಯಲ್ಲ.

ಬೆಂಕಿಯ ಮಾತು

ಕೆಲವು ವರ್ಷಗಳ ಹಿಂದೆ ನಾನೇ ಒಂದು ಓದುಗರ ಬಳಗಕ್ಕೆ ವರ್ಡ್‌ಪ್ರೆಸ್ಸಿನಲ್ಲಿ ಸೈಟು ಮಾಡಿಕೊಟ್ಟಿದ್ದೆ. ಅಂದವಾಗಿತ್ತು, ಪ್ಲಗಿನ್ ಮೇಲೆ ಪ್ಲಗಿನ್ ಪೇರಿಸಿದ್ದೆ. ವರ್ಷ ಎರಡಾದ ಮೇಲೆ ಮರೆತೆ. ಒಂದು ದಿನ ಬಳಗದ ಹಿರಿಯರೊಬ್ಬರು ಫೋನ್ ಮಾಡಿ, “ನಮ್ಮ ಸೈಟು ಒತ್ತಿದರೆ ಜೂಜಿನ ಪುಟ ಬರ್ತದಲ್ಲ ಮಾರಾಯರೇ” ಎಂದರು. ಅಪ್‌ಡೇಟ್ ಮಾಡದೆ ಬಿಟ್ಟ ಒಂದು ಪ್ಲಗಿನ್ನಿನ ಬಿರುಕಿನಿಂದ ಯಾರೋ ನುಗ್ಗಿದ್ದರು. ಹೋಸ್ಟಿಂಗ್ ಕಂಪನಿ ಸೈಟನ್ನು ನಿಲ್ಲಿಸಿತು. ಬ್ಯಾಕಪ್ ಎಲ್ಲಿದೆ ಎಂದರೆ, ಅದೇ ಸರ್ವರಿನಲ್ಲಿ! ತಪ್ಪು ಪೂರ್ತಿ ನನ್ನದು.

ವರ್ಡ್‌ಪ್ರೆಸ್ ಕೆಟ್ಟದ್ದಲ್ಲ. 2003ರಲ್ಲಿ ಹುಟ್ಟಿದ ಅದು ಇಂದು ಜಗತ್ತಿನ ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚನ್ನು ಹೊತ್ತಿದೆ. ಹಾಗಾಗಿಯೇ ಕಳ್ಳರ ಕಣ್ಣೂ ಅದರ ಮೇಲೆ. ಅದನ್ನು ಇಟ್ಟುಕೊಳ್ಳುವುದೆಂದರೆ ದನ ಕಟ್ಟಿಕೊಂಡ ಹಾಗೆ, ದಿನಾ ಹುಲ್ಲು ಹಾಕಬೇಕು, ಸಗಣಿ ಬಾಚಬೇಕು. ತಿಂಗಳಿಗೊಮ್ಮೆಯಾದರೂ ಅಪ್‌ಡೇಟ್ ಮಾಡುವ ಮನುಷ್ಯ ಇದ್ದಾನೆಯೇ, ಹಲವರು ಸೇರಿ ವಾರವಾರ ಬರೆಯುತ್ತೀರಾ, ಆಗ ಇಟ್ಟುಕೊಳ್ಳಿ, ಪ್ಲಗಿನ್ ಮೂರು ನಾಲ್ಕಕ್ಕೆ ನಿಲ್ಲಿಸಿ. ವರ್ಷಕ್ಕೆ ಹತ್ತು ಸಲ ತಾರೀಕು ಬದಲಿಸುವ ಸೈಟಿಗೆ ಮೇಷ್ಟ್ರ ವಿಧಾನವೇ ಮೇಲು. ಬರೀ ಎಚ್‌ಟಿಎಂಎಲ್ ಫೈಲಿಗೆ ಡೇಟಾಬೇಸಿಲ್ಲ, ಲಾಗಿನ್ ಪುಟವಿಲ್ಲ, ನುಗ್ಗಲು ಬಾಗಿಲೇ ಕಡಿಮೆ. ಗಿಟ್‌ಹಬ್ ಪೇಜಸ್‌ನಂಥ ಕಡೆ ಇಡಲು ದುಡ್ಡೂ ಬೇಡ. ಎಚ್‌ಟಿಎಂಎಲ್ಲೂ ಬೇಡ ಎನ್ನುವವರಿಗೆ ಬ್ಲಾಗರ್ ಇದೆ, ಗೂಗಲ್ ಸೈಟ್ಸ್ ಇದೆ. ನಾಚಿಕೆಪಡುವಂಥದ್ದೇನಿಲ್ಲ, ಕನ್ನಡದ ಎಷ್ಟೋ ಒಳ್ಳೆಯ ಬರಹ ಬ್ಲಾಗರಿನ ಮಾಮೂಲು ಥೀಮುಗಳಲ್ಲೇ ಬಂದಿದೆ.

ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಬೀಗದ ಗುರುತು ತರುವ ಎಚ್‌ಟಿಟಿಪಿಎಸ್ ಈಗ ಐಷಾರಾಮವಲ್ಲ. 2018ರ ಜುಲೈಯಿಂದ ಕ್ರೋಮ್, ಅದಿಲ್ಲದ ಸೈಟುಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂದು ಹಣೆಪಟ್ಟಿ ಹಚ್ಚುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ. ಒಳ್ಳೆಯ ಹೋಸ್ಟಿಂಗ್‌ನಲ್ಲಿ ಅದು ತಾನಾಗಿ ಬಂದಿರುತ್ತದೆ. ಅದಕ್ಕೆ ಬೇರೆ ದುಡ್ಡು ಕೇಳಿದರೆ ಅಂಗಡಿ ಬದಲಿಸಿ.

ಯಾವ ಕಾರಣಕ್ಕೂ ಸ್ವಂತ ಲಾಗಿನ್ ವ್ಯವಸ್ಥೆ ಕಟ್ಟಬೇಡಿ. ಪಾಸ್‌ವರ್ಡ್ ಉಳಿಸುವುದು, ಫಾರ್ಮಿನಲ್ಲಿ ಬಂದದ್ದನ್ನು ಡೇಟಾಬೇಸಿಗೆ ತುಂಬುವುದು, ಇವುಗಳಲ್ಲಿ ಮಾತ್ರ ಮಡಿವಂತರ ಪ್ರತಿ ಮಾತೂ ವೇದವಾಕ್ಯ. ಅರ್ಧ ಕಲಿತು ಕೈ ಹಾಕುವ ಜಾಗ ಇದಲ್ಲ. ಆಟಕ್ಕೆ ಬುಕಿಂಗ್ ಬೇಕೇ, ಒತ್ತಿದರೆ ಫೋನ್ ಹೋಗುವ ಕೊಂಡಿ ಹಾಕಿ, ವಾಟ್ಸಾಪ್ ಕೊಂಡಿ ಹಾಕಿ. ಹೆಸರು ನೋಂದಣಿಗೆ ಗೂಗಲ್ ಫಾರ್ಮ್ ಸಾಕು. ದೇಣಿಗೆಗೆ ಸಂಘದ ಬ್ಯಾಂಕ್ ಖಾತೆಯ ಯುಪಿಐ ಕ್ಯೂಆರ್ ಚಿತ್ರ, ಅದರ ಕೆಳಗೆ ಖಾತೆಯ ಹೆಸರು ಅಕ್ಷರದಲ್ಲಿ. ಆ ಚಿತ್ರವನ್ನು ಆಗಾಗ ನೀವೇ ಸ್ಕ್ಯಾನ್ ಮಾಡಿ ನೋಡಿ, ಬೇರೆಯವರದ್ದು ಬಂದು ಕೂತಿಲ್ಲ ತಾನೆ ಎಂದು.

ಸದಸ್ಯರ ಹೆಸರು, ಮೊಬೈಲ್ ನಂಬರು, ಮನೆ ವಿಳಾಸದ ಪಟ್ಟಿಯನ್ನು ಹೆಮ್ಮೆಯಿಂದ ಸೈಟಿಗೆ ಏರಿಸುವ ಸಂಘಗಳನ್ನು ನೋಡಿದ್ದೇನೆ. ಬೇಡ. ನೋಟಿಸ್ ಬೋರ್ಡಿಗೆ ಅಂಟಿಸಿದ್ದನ್ನು ಊರಿನವರು ನೋಡುತ್ತಾರೆ, ಇದನ್ನು ಮೋಸದ ಕರೆ ಮಾಡುವವರು ನೋಡುತ್ತಾರೆ. 2023ರಲ್ಲಿ ನಮ್ಮಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ಪ್ರಕಾರ ಹದಿನೆಂಟು ತುಂಬದವರು ಮಕ್ಕಳು, ಅವರ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕು. ತರಬೇತಿಗೆ ಬರುವ ಮಕ್ಕಳ ಫೋಟೋ ಹಾಕುವ ಮೊದಲು ಅವರ ಅಪ್ಪ ಅಮ್ಮನನ್ನು ಕೇಳಿ, ಹೆಸರು, ಶಾಲೆ ಬರೆಯದಿರಿ. ಕಾಯ್ದೆ ಇಲ್ಲದಿದ್ದರೂ ಕೇಳಬೇಕಾದ್ದೇ.

ಉಳಿದದ್ದು ಬೀಗದ ಕೈ

ಹೋಸ್ಟಿಂಗ್ ಪುಕ್ಕಟೆ ಸಿಕ್ಕರೂ ಡೊಮೈನ್ ಹೆಸರನ್ನು ದುಡ್ಡು ಕೊಟ್ಟು ಸ್ವಂತ ಮಾಡಿಕೊಳ್ಳಿ ಎನ್ನುತ್ತೇನೆ, ಇದರಲ್ಲಿ ನಾನು ಅಳಿಯನಿಗಿಂತ ಮಡಿವಂತ. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರೂ ಸಿಗುತ್ತದೆ. ಚೆಂದ, ಆದರೆ ಟೈಪ್ ಮಾಡಲು ಒದ್ದಾಡುವವರೇ ಹೆಚ್ಚು, ಆದ್ದರಿಂದ ಜೊತೆಗೆ ಇಂಗ್ಲಿಷಿನದ್ದೂ ಇರಲಿ. ಪುಕ್ಕಟೆ ತಾಣಗಳು ಶಾಶ್ವತವಲ್ಲ. ಲಕ್ಷಾಂತರ ಹವ್ಯಾಸಿಗಳು ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಹೆಸರು ನಿಮ್ಮದಾಗಿದ್ದರೆ ಮನೆ ಬದಲಿಸಿದರೂ ವಿಳಾಸ ಬದಲಾಗದು. ಪುಟಗಳ ವಿಳಾಸಕ್ಕೂ ಇದೇ ಮಾತು. ಒಮ್ಮೆ ಕೊಟ್ಟ ಕೊಂಡಿಯನ್ನು ಬದಲಿಸಬೇಡಿರೆಂದು ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ಫೈಲಿನ ಹೆಸರಿನಲ್ಲಿ ‘ಹೊಸದು’, ‘ಫೈನಲ್’ ಎಂದೆಲ್ಲ ಸೇರಿಸದೆ ಮೊದಲೇ ಸರಳ ಹೆಸರಿಡಿ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ನಿಮ್ಮ ಪುಟಗಳ ಪ್ರತಿಯನ್ನು ನೀವೇ ಉಳಿಸಿಡಬಹುದು, ಎರಡು ನಿಮಿಷದ ಕೆಲಸ.

ಮೇಷ್ಟ್ರು ಡೊಮೈನನ್ನು ತಮ್ಮ ಸ್ವಂತ ಇಮೇಲಿನಲ್ಲಿ ಕೊಂಡಿದ್ದರು. ನವೀಕರಣದ ನೆನಪೋಲೆಗಳೆಲ್ಲ ಅವರು ತೆರೆಯದ ಆ ಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದವು. ಗೊತ್ತಾದದ್ದು ಅವಧಿ ಮುಗಿದು ಸೈಟು ಕಾಣದಾದಾಗ; ನವೀಕರಿಸಲು ಕೊಡುವ ಹೆಚ್ಚುವರಿ ಗಡುವು ಇನ್ನೂ ಇದ್ದುದರಿಂದ ಉಳಿಯಿತು. ಈಗ ಸಂಘದ ಹೆಸರಿನಲ್ಲೇ ಒಂದು ಇಮೇಲ್ ಇದೆ, ಪಾಸ್‌ವರ್ಡ್ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರ ಬಳಿ. ಸೈಟು ಎಲ್ಲಿದೆ, ಹೇಗೆ ಬದಲಿಸಬೇಕು ಎಂಬುದನ್ನು ಮೇಷ್ಟ್ರು ಒಂದೇ ಹಾಳೆಯಲ್ಲಿ, ಅವರ ದುಂಡಗಿನ ಅಕ್ಷರದಲ್ಲಿ, ಬರೆದುಕೊಟ್ಟಿದ್ದಾರೆ. ನಾನು ಕಂಡ ಅತ್ಯುತ್ತಮ ಡಾಕ್ಯುಮೆಂಟೇಶನ್ ಅದೇ. ಅಳಿಯ ಕೂಡ ಒಪ್ಪಿದ, ಫೋಟೋ ಹೊಡೆದುಕೊಂಡ.

ಟೇಬಲ್ಲು ಇನ್ನೂ ಹಾಗೇ ಇದೆ.

ನೀವು ಯಾವುದಾದರೂ ಸಂಘ, ಶಾಲೆ, ದೇವಸ್ಥಾನ, ಅಂಗಡಿಯ ಸೈಟು ನೋಡಿಕೊಳ್ಳುತ್ತಿದ್ದರೆ ಈ ಪುಟ ಮಡಚಿಟ್ಟು ಮೊದಲು ಒಂದು ಕೆಲಸ ಮಾಡಿ. ಡೊಮೈನ್ ಯಾರ ಇಮೇಲಿನಲ್ಲಿದೆ, ಯಾವ ತಾರೀಕಿಗೆ ಮುಗಿಯುತ್ತದೆ ಎಂದು ನೋಡಿ, ಆ ತಾರೀಕನ್ನು ನಡಾವಳಿ ಪುಸ್ತಕದಲ್ಲಿ ಶಾಯಿಯಿಂದ ಬರೆದಿಡಿ.